ಘಟ್ಟ ಇಳಿಯುವ ಪದ

ನಮ್ಮೂರು ಚಾರ್ಮಾಡಿಯಲ್ಲಿ ದಿಕ್ಕು ಎರಡೇ: ಘಟ್ಟ ಹತ್ತುವುದು, ಘಟ್ಟ ಇಳಿಯುವುದು. ಕೊಟ್ಟಿಗೆಹಾರದ ಕಡೆಯಿಂದ ತಿರುವುಗಳಲ್ಲಿ ಇಳಿದು ಬಂದವರೆಲ್ಲ ನಮಗೆ 'ಘಟ್ಟದ ಮೇಲಿನವರು'. ಬಿ.ಇ. ಮುಗಿಸಿ ಬೆಂಗಳೂರು ಸೇರಿದ ಮೇಲೆ ನಾನೂ ಅದೇ ಆದೆ ಅನ್ನಿ.

ಕೆಲಸದ ಮೊದಲ ವರ್ಷ ಸಹೋದ್ಯೋಗಿಯೊಬ್ಬಳು ನನ್ನ ಮೇಲ್ ನೋಡಿ, 'ಇದು ತುಂಬಾ ಕಾಂಡಿಸೆಂಡಿಂಗ್ ಆಗಿದೆ' ಅಂದಳು. ಅರ್ಥ ಗೊತ್ತಿರಲಿಲ್ಲ. ಡಿಕ್ಷನರಿ ತೆಗೆದೆ. ದೊಡ್ಡವ ತನ್ನ ಮಟ್ಟ ಬಿಟ್ಟು ಬಗ್ಗುವುದು ಅಂತಿತ್ತು. ಬಗ್ಗಿದ್ದೇನೆ ಅಂತ ತೋರಿಸಿಕೊಂಡೇ ಮಾತಾಡುವುದು ಅಂತಲೂ ಇತ್ತು. ಮೂಲ ಲ್ಯಾಟಿನ್. 'ಕಾನ್' ಅಂದರೆ ಜೊತೆಗೆ, 'ಡೆ' ಅಂದರೆ ಕೆಳಕ್ಕೆ, 'ಸ್ಕಾಂಡೆರೆ' ಅಂದರೆ ಹತ್ತುವುದು. ಸೇರಿಸಿದರೆ, ಜೊತೆಯಾಗಿ ಕೆಳಗಿಳಿಯುವುದು! ಈ 'ಸ್ಕಾಂಡೆರೆ'ಗೂ ಸಂಸ್ಕೃತದಲ್ಲಿ ನೆಗೆಯುವುದನ್ನು ಹೇಳುವ 'ಸ್ಕಂದ್' ಧಾತುವಿಗೂ ನಂಟಿದೆ. ಕುಕ್ಕೆಯ ಸ್ಕಂದನ ಹೆಸರನ್ನೂ ಅದೇ ಧಾತುವಿನಿಂದ ಬಿಡಿಸುತ್ತಾರೆ.

ಒಂದು ಕಾಲಕ್ಕೆ ಇದು ಹೊಗಳಿಕೆಯ ಮಾತು. ದೇವರು ಮನುಷ್ಯನ ಮಟ್ಟಕ್ಕೆ ಇಳಿದು ಬರುವುದನ್ನು ಕ್ರೈಸ್ತ ಧರ್ಮಶಾಸ್ತ್ರದಲ್ಲಿ ಹೀಗೇ ಕರೆದರು. 1813ರ 'ಪ್ರೈಡ್ ಅಂಡ್ ಪ್ರೆಜುಡಿಸ್'ನಲ್ಲಿ ಕಾಲಿನ್ಸ್ ಪಾದ್ರಿ ತನ್ನ ಧಣಿ ಲೇಡಿ ಕ್ಯಾಥರೀನಳ ಈ ಗುಣವನ್ನೇ ಬಾಯ್ತುಂಬ ಕೊಂಡಾಡುತ್ತಾನೆ. ಜೇನ್ ಆಸ್ಟಿನ್ ನಗುವುದೂ ಅಲ್ಲೇ. ಎಲ್ಲರೂ ಸಮ ಅನ್ನುವ ಯೋಚನೆ ಬೆಳೆದ ಹಾಗೆ ಪದ ಹಳಸಿತು. ನಾವಿಬ್ಬರೂ ಸಮ ಅಂದಮೇಲೆ ನೀನು ಇಳಿಯುವುದು ಎಲ್ಲಿಂದ? ನಮ್ಮ 'ಅವತಾರ'ದ ಗತಿಯೂ ಅದೇ ತಾನೇ. ಮೂಲದಲ್ಲಿ ಇಳಿದು ಬರುವುದು. ಈಗ ಅಮ್ಮ ನನ್ನ ಹರಿದ ಜೀನ್ಸ್ ನೋಡಿ, 'ಎಂತ ಮಾರಾಯ ನಿನ್ನ ಅವತಾರ' ಅನ್ನುತ್ತಾರೆ.

ಪದ ಕೆಟ್ಟರೆ ಕೆಡಲಿ. ಆದರೆ ಮೇಲಿದ್ದವನು ಇಳಿಯುವುದೇ ಬೇಡವಾ?

2019ರ ಆಗಸ್ಟ್ ಮಳೆಗೆ ಘಟ್ಟ ಕುಸಿದು ರಸ್ತೆ ಬಂದಾಯಿತು. ನೆರೆ ಇಳಿದ ಮೇಲೆ ನಾವು ಆರು ಜನ ಗೆಳೆಯರು ಸುತ್ತುಬಳಸಿ ಬಂದು ಕಂಬಳಿ, ಅಕ್ಕಿ ಹಂಚಿದೆವು. ಪ್ರತಿ ಮನೆಯೆದುರೂ ಫೋಟೋ. ಚಿಕ್ಕಂದಿನಲ್ಲಿ ನಾನು ಎಷ್ಟೋ ಸಲ ಉಂಡ ಮನೆಯ ಅಕ್ಕನಿಗೂ ಕಂಬಳಿ ಚಾಚಿದೆ, ಮುಖ ಕ್ಯಾಮೆರಾ ಕಡೆಗೆ. ಅಕ್ಕ ತೆಗೆದುಕೊಂಡರು.

'ಫೋಟೋ ಆಯ್ತಲ್ಲ, ಇನ್ನು ಒಳಗೆ ಬಾ ಮಾರಾಯ. ಆ ಕಪಾಟು ನನ್ನೊಬ್ಬಳಿಂದ ಎತ್ತಲಿಕ್ಕೆ ಆಗುದಿಲ್ಲ.'

ಅವರಿಗೆ ಕಂಬಳಿ ಬೇಕಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು. ಅಷ್ಟು ದೂರ ಇಳಿದು ಬಂದವನಲ್ಲಿ 'ಡೆ' ಇತ್ತು, 'ಕಾನ್' ಇರಲಿಲ್ಲ.

ಜೀನ್ಸ್ ಮಡಚಿ ಒಳಗೆ ಹೋದೆ. ಮೊಣಕಾಲುದ್ದ ಕೆಸರು. ಕಪಾಟಿನ ಒಂದು ಬದಿ ಅಕ್ಕ ಹಿಡಿದರು, ಇನ್ನೊಂದು ಬದಿ ನಾನು.