ಅವಧಿಯೂ ಅಂತರವೂ

ವಿಡಿಯೋ ಎಡಿಟಿಂಗಿನ ವಿದ್ಯೆಯಲ್ಲಿ ಕೀಫ್ರೇಮ್ ಎಂಬುದು ಚಿತ್ರದ ಒಂದು ಗುಣವು, ಅದು ಗಾತ್ರವಾಗಲಿ ಕಾಂತಿಯಾಗಲಿ, ಇಂಥ ಕ್ಷಣದಲ್ಲಿ ಇಷ್ಟೇ ಇರತಕ್ಕದ್ದೆಂದು ವಿಧಿಸುವ ಗುರುತು. ಎರಡು ಗುರುತುಗಳ ನಡುವಣ ಚಿತ್ರಗಳನ್ನೆಲ್ಲ ಗಣಕಯಂತ್ರವು ತಾನೇ ಲೆಕ್ಕಹಾಕಿ ತುಂಬುತ್ತದೆ. ಹತ್ತು ಸೆಕೆಂಡುಗಳ ಎಫೆಕ್ಟೊಂದರಲ್ಲಿ ಐದನೆಯ ಸೆಕೆಂಡಿನಲ್ಲಿರುವ ಕೀಫ್ರೇಮನ್ನು, ಒಟ್ಟು ಅವಧಿಯನ್ನು ಮುಟ್ಟದೆ, ಎಂಟನೆಯ ಸೆಕೆಂಡಿಗೆ ಸರಿಸಿದೆವೆನ್ನೋಣ. ಸರಿಸಿದ ಚಿತ್ರ ಕಿಂಚಿತ್ತೂ ಬದಲಾಗದು. ಆದರೆ ಅದರ ಹಿಂದಿನ ಚಲನೆ ಮಂದವಾಗುತ್ತದೆ, ಮುಂದಿನ ಐದು ಸೆಕೆಂಡುಗಳ ಪಯಣವೋ ಎರಡೇ ಸೆಕೆಂಡುಗಳಲ್ಲಿ ಮುಗಿಯಬೇಕಾಗಿ ಎರಡೂವರೆ ಪಟ್ಟು ವೇಗ ತಾಳುತ್ತದೆ. ಅವಧಿ ಸ್ಥಿರವಾಗಿರುವಲ್ಲಿ ಕ್ಷಣದ ತಿದ್ದುಪಡಿಯೆಂಬುದೇ ಇಲ್ಲ, ಅಂತರಗಳ ಮರುಹಂಚಿಕೆ ಮಾತ್ರ ಉಂಟೆಂಬುದು ನನ್ನ ವಾದ.

ಇದಕ್ಕೆ ನಿದರ್ಶನವನ್ನು ಯಂತ್ರದಲ್ಲಿಯೇ ಅರಸಬೇಕಾಗಿಲ್ಲ. ಕೊಡಗಿನ ನಾಪೋಕ್ಲು ಸೀಮೆಯವರ ವರ್ಷದಲ್ಲಿ ತಲಕಾವೇರಿಯ ತೀರ್ಥೋದ್ಭವವು, ಸೂರ್ಯನು ತುಲಾರಾಶಿಯನ್ನು ಪ್ರವೇಶಿಸುವ ಮುಹೂರ್ತವಾದ್ದರಿಂದ, ಅಕ್ಟೋಬರ್ 17ರ ಆಸುಪಾಸಿನಿಂದ ಕದಲುವುದಿಲ್ಲ. ಅವರ ಸುಗ್ಗಿಯ ಹಬ್ಬವಾದ ಪುತ್ತರಿಯಾದರೋ ಹುಣ್ಣಿಮೆಯನ್ನೂ ರೋಹಿಣೀ ನಕ್ಷತ್ರವನ್ನೂ ಅನುಸರಿಸಿ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ನಿಶ್ಚಯವಾಗತಕ್ಕದ್ದಾಗಿ, ಒಮ್ಮೆ ನವೆಂಬರಿಗೆ ಬಿದ್ದರೆ ಇನ್ನೊಮ್ಮೆ ಡಿಸೆಂಬರಿಗೆ ಜಾರುತ್ತದೆ. ಒಂದು ಸಂಕ್ರಮಣದಿಂದ ಮರುವರ್ಷದ ಸಂಕ್ರಮಣದವರೆಗಿನ ಸುಮಾರು 365 ದಿನ 6 ಗಂಟೆಗಳು ಇದರಿಂದ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ಪುತ್ತರಿ ತಡವಾದ ವರ್ಷ ಕದಿರು ತೆಗೆಯುವ ಮುನ್ನ ಕಾಯುವ ದಿನಗಳು ಬೆಳೆದು, ಭತ್ತದ ಕೊಯ್ಲು ಕಾಫಿಯ ಕೊಯ್ಲಿನೊಡನೆ ಆಳುಗಳಿಗಾಗಿ ಸ್ಪರ್ಧಿಸುತ್ತದೆ. (ಗದ್ದೆಯ ಭತ್ತ ಪಂಚಾಂಗ ನೋಡಿ ಮಾಗುವುದಿಲ್ಲವಷ್ಟೆ.) ಹಬ್ಬದ ರಾತ್ರಿ ಎಂದಿನಂತೆಯೇ ಇದೆ, ಎಲೆಗಳ ನೆರೆ ಕಟ್ಟುವುದು, ಕದಿರು ತೆಗೆಯುವುದು, ಪೊಲಿ ಪೊಲಿ ಎಂಬ ಕೂಗು, ಯಾವುದಕ್ಕೂ ಲೋಪವಿಲ್ಲ. ಸ್ಥಳಾಂತರದ ಭಾರವನ್ನು ಹೊತ್ತವರು ಹಬ್ಬದ ಆಚೀಚಿನ ದಿನಗಳಲ್ಲಿ ದುಡಿಯುವವರು.

ಅವಧಿಯೇ ಬದಲಾದಾಗಲೂ ಈ ಹಂಚಿಕೆಯ ಪ್ರಶ್ನೆ ತಪ್ಪದು. ಅಡೋಬಿ ಪ್ರೀಮಿಯರ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ, ಉಳಿಸಿಟ್ಟ ಎಫೆಕ್ಟನ್ನು ಬೇರೆ ಉದ್ದದ ತುಣುಕಿಗೆ ತೊಡಿಸುವಾಗ ಮೂರು ಮಾರ್ಗಗಳುಂಟು: ಕೀಫ್ರೇಮುಗಳನ್ನೆಲ್ಲ ಹೊಸ ಉದ್ದದ ಪ್ರಮಾಣಕ್ಕೆ ಹಿಗ್ಗಿಸುವುದು ಇಲ್ಲವೆ ಕುಗ್ಗಿಸುವುದು, ಆರಂಭದಿಂದ ಅವುಗಳಿಗಿರುವ ದೂರವನ್ನು ಕಾಯುವುದು, ಅಂತ್ಯದಿಂದ ಇರುವ ದೂರವನ್ನು ಕಾಯುವುದು. ಮೊದಲನೆಯದು ನ್ಯಾಯವೆಂದು ತೋರುವುದು ಸಹಜ. ಆದರೆ ಎಲ್ಲರಿಗೂ ಸಮಪ್ರಮಾಣದಲ್ಲಿ ಹಂಚಿದೆನೆಂಬ ಸಮಾಧಾನ ಅದಕ್ಕುಂಟೇ ಹೊರತು, ಯಾವ ಅಂತರಕ್ಕೆ ಎಷ್ಟು ಕಾಲ ಬೇಕೆಂದು ವಿಚಾರಿಸಿದ ಶ್ರಮವಿಲ್ಲ.

ಗುರುತನ್ನು ಕಂಡು ಅಂತರವನ್ನು ಮರೆಯುವ ಈ ದೋಷ ಎಡಿಟರನೊಬ್ಬನದಲ್ಲ. ನಮ್ಮ ಬುದ್ಧಿಯು ಸಿನಿಮಾ ಯಂತ್ರದಂತೆ ನಿಶ್ಚಲ ಚಿತ್ರಗಳನ್ನು ಪೋಣಿಸಿ ಚಲನೆಯನ್ನು ಗ್ರಹಿಸಿದೆನೆಂದು ಭ್ರಮಿಸುತ್ತದೆಂದು ಫ್ರೆಂಚ್ ದಾರ್ಶನಿಕ ಬರ್ಗ್‌ಸನ್ 1907ರ ತನ್ನ ಗ್ರಂಥದಲ್ಲಿ ಆಕ್ಷೇಪಿಸಿದನು. ಎಡಿಟರನ ಮೇಜಿನ ಮುಂದೆ ಅವನಿಗೆ ಅರ್ಧ ಸಮರ್ಥನೆಯಾದರೂ ದೊರೆಯುತ್ತಿತ್ತು: ಗುರುತಿಗೆ ಸ್ಥಾನವುಂಟು, ವೇಗವಿಲ್ಲ, ವೇಗವೆಲ್ಲ ನಡುವಣ ಅಂತರದ ಸೊತ್ತು.

ಅಂತರಗಳನ್ನು ಮರುಹಂಚುವ ಇಷ್ಟು ಸಂಕಟವೇಕೆ, ಎಫೆಕ್ಟಿನ ಅವಧಿಯನ್ನೇ ಹೆಚ್ಚಿಸಬಾರದೇಕೆ ಎಂದು ಕೇಳಬಹುದು. ಆಕಾಶದ ವರ್ಷಕ್ಕೆ ಇಲ್ಲದ ಈ ಸ್ವಾತಂತ್ರ್ಯ ಎಡಿಟರನಿಗೆ ನಿಜವಾಗಿಯೂ ಉಂಟು. ಆದರೆ ಊರಿನ ಬಯಲಾದ ಮಂದ್‌ನಲ್ಲಿ ನಡೆದ ಪುತ್ತರಿ ಕೋಲಾಟದ ದೃಶ್ಯವನ್ನು ವಾಲಗದ ಧ್ವನಿಗೆ ಹೊಂದಿಸಿಟ್ಟಿರುವಾಗ, ನಡುವಿನ ಎಫೆಕ್ಟನ್ನು ಒಂದು ಸೆಕೆಂಡು ಹಿಗ್ಗಿಸಿದರೆ, ಅಲ್ಲಿಂದ ಮುಂದಿನ ಪ್ರತಿಯೊಂದು ಕೋಲಿನ ಹೊಡೆತವೂ ವಾಲಗದ ಪೆಟ್ಟಿಗಿಂತ ಒಂದು ಸೆಕೆಂಡು ತಡವಾಗಿ ಬೀಳುತ್ತದೆ. ಅದನ್ನು ನೇರ್ಪಡಿಸಲು ಮುಂದೆಲ್ಲೋ, ಬಹುಶಃ ಮುದುಕರು ಆಡುವ ನಿಧಾನದ ಸುತ್ತಿನಿಂದಲೇ, ಒಂದು ಸೆಕೆಂಡನ್ನು ಕತ್ತರಿಸಬೇಕಾಗುತ್ತದೆ.