ಯಾರ ಕೈಲೆ ಬರಿಸೀರಿ?

ಕಳೆದ ದೀಪಾವಳಿಯ ವೇಳೆಗೆ ನವರಂಗಪುರದ ನಮ್ಮ ಮನೆಗೆ ಹೊಸ ಸದಸ್ಯನೊಬ್ಬನ ಆಗಮನವಾಯಿತು. ಆತ ಊಟ ಕೇಳುವುದಿಲ್ಲ, ಸಂಬಳ ಕೇಳುವುದಿಲ್ಲ, ಊರಿಗೆ ಹೋಗಲು ರಜೆಯನ್ನೂ ಕೇಳುವುದಿಲ್ಲ. ಊಟದ ತಟ್ಟೆಯಷ್ಟು ಅಗಲ, ನಾಲ್ಕು ಬೆರಳು ಎತ್ತರ. ಗುಂಡಿ ಒತ್ತಿದರೆ ಗುರ್ ಎಂದು ಹೊರಟು, ಗೋಡೆಗೆ ತಾಗಿಯೂ ತಾಗದಂತೆ ತಿರುಗಿ, ಮಂಚದ ಅಡಿಯ ಧೂಳನ್ನೆಲ್ಲ ನುಂಗಿ, ಕೆಲಸ ಮುಗಿದ ಮೇಲೆ ತಾನಾಗಿಯೇ ತನ್ನ ಮೂಲೆಗೆ ಹೋಗಿ ಕುಳಿತುಕೊಳ್ಳುತ್ತದೆ. ಕೇಂದ್ರ ಸರ್ಕಾರದ ಗುಮಾಸ್ತರಾದ ನಾವು ಅದನ್ನು ಕಂತಿನ ಮೇಲೆ ಕೊಂಡೆವೆಂಬುದನ್ನು ಮುಚ್ಚಿಡಬೇಕಾದ್ದಿಲ್ಲ. ಅಮೆರಿಕದ ಮನೆಗಳಿಗೆ ಇಂಥ ಕಸಗುಡಿಸುವ ಯಂತ್ರ 2002ರಲ್ಲೇ ಬಂದಿತ್ತು. ನಮ್ಮ ಹೊಸ್ತಿಲು ದಾಟಲು ಅದಕ್ಕೆ ಇನ್ನೂ ಇಪ್ಪತ್ತು ವರ್ಷ ಬೇಕಾಯಿತು, ಅಷ್ಟೆ.

ಅದೇ ಹಬ್ಬದಲ್ಲಿ ಇನ್ನೊಂದು ಯಂತ್ರವೂ ನಮ್ಮ ಮನೆಯಲ್ಲಿ ಕೆಲಸ ಮಾಡಿತು. ಅದು ನಮ್ಮ ಕಣ್ಣಿಗೆ ಬಿದ್ದದ್ದು ಮಾತ್ರ ತಡವಾಗಿ. ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮಗಳಿಗೆ, “ಅಜ್ಜಿಗೆ ಹಬ್ಬದ ಶುಭಾಶಯ ಬರೆದು ಕಳಿಸು, ಕನ್ನಡದಲ್ಲಿಯೇ ಬರೆ” ಎಂದು ಹೇಳಿದ್ದೆವು. ಅವಳು ಶಾಲೆಯಲ್ಲಿ ಇಂಗ್ಲಿಷ್, ಗೆಳತಿಯರೊಡನೆ ಗುಜರಾತಿ, ದೂರದರ್ಶನದ ಮುಂದೆ ಹಿಂದಿ, ನಮ್ಮೊಡನೆ ಅರ್ಧ ಕನ್ನಡ. ಆದರೂ ಐದೇ ನಿಮಿಷದಲ್ಲಿ ಫೋನಿನಿಂದ ಒಂದು ಪುಟದ ಪತ್ರ ಹೊರಟಿತು. ನಾವೂ ಓದಿ ಬೆರಗಾದೆವು. ಒಂದು ಒತ್ತಕ್ಷರವೂ ತಪ್ಪಿಲ್ಲ. “ತಮ್ಮ ಆರೋಗ್ಯವು ಉತ್ತಮವಾಗಿರಲೆಂದು ಹಾರೈಸುತ್ತೇನೆ” ಎಂಬಂಥ ವಾಕ್ಯಗಳನ್ನು ನಾವೂ ಕಚೇರಿಯ ಕಡತದ ಹೊರಗೆ ಬರೆದವರಲ್ಲ.

ರಾಣೆಬೆನ್ನೂರಿನ ಬಳಿಯ ಊರಿನಲ್ಲಿರುವ ಅವ್ವನಿಗೆ ಕಣ್ಣು ಮಂದವಾಗಿದೆ. ಅವಳ ಫೋನು ಬಂದ ಪತ್ರವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಮರುದಿನ ಅವಳ ಕರೆ ಬಂತು.

“ಪತ್ರ ಭಾಳ ಚಲೋ ಐತಿ. ಯಾರ ಕೈಲೆ ಬರಿಸೀರಿ?”

ಮಗಳು ನಕ್ಕು ನಿಜ ಹೇಳಿದಳು. ಅಜ್ಜಿಗೆ ದೀಪಾವಳಿಯ ಪತ್ರ ಬರೆ ಎಂದು ಒಂದು ಸಾಲಿನ ಅಪ್ಪಣೆ ಮಾಡಿದ್ದಳಂತೆ, ಉಳಿದದ್ದೆಲ್ಲ ಯಂತ್ರದ್ದು. ಅಂದರೆ ಬರೆದದ್ದು ಯಂತ್ರ, ಓದಿದ್ದು ಯಂತ್ರ. ಅಜ್ಜಿ, ಮೊಮ್ಮಗಳು ಇಬ್ಬರೂ ಆಚೆ ಈಚೆ ಸುಮ್ಮನೆ ಕುಳಿತಿದ್ದರು! ನಾವೂ ಮೊದಲು ನಕ್ಕೆವು. ಆಮೇಲೆ ನಗು ನಿಂತಿತು.

ಅವ್ವ ಕೋಪಿಸಿಕೊಳ್ಳಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ತಾನೂ ತವರಿಗೆ ಶಾಲೆಯ ಮಾಸ್ತರರ ಕೈಯಿಂದ ಪತ್ರ ಬರೆಸುತ್ತಿದ್ದುದನ್ನು ನೆನೆಸಿಕೊಂಡಳು. “ಬರದಾವ್ರು ಮಾಸ್ತರು, ಹೇಳಿದಾಕಿ ನಾನು” ಎಂದಳು. ನಾವು ಬಿ.ಎಸ್ಸಿ. ಓದಿ, ನಾಲ್ಕು ವೈಜ್ಞಾನಿಕ ಲೇಖನಗಳನ್ನು ತಿರುವಿ ಹಾಕಿ ಕಾಣದೆ ಹೋದ ಗೆರೆಯನ್ನು, ಶಾಲೆಯ ಮುಖ ಹೆಚ್ಚು ನೋಡದ ಆಕೆ ಒಂದೇ ಮಾತಿನಲ್ಲಿ ಎಳೆದುಬಿಟ್ಟಳು.

ಯಂತ್ರ ಕನ್ನಡ ಮಾತಾಡುವುದು ಹೊಸದೇನಲ್ಲ. ಅಹಮದಾಬಾದಿನಲ್ಲಿರುವ ನಾವಾದರೂ ಇದನ್ನು ಮರೆಯಬಾರದು. ನಮ್ಮ ನವರಂಗಪುರದ ಭೌತಿಕ ಸಂಶೋಧನಾಲಯವನ್ನು 1947ರಲ್ಲಿ ಸ್ಥಾಪಿಸಿದ ವಿಕ್ರಮ್ ಸಾರಾಭಾಯಿಯವರು ಕಂಡ ಕನಸೊಂದು, ಅವರು ತೀರಿಕೊಂಡ ನಂತರ, 1975ರ ಆಗಸ್ಟ್ 1ರಂದು ನನಸಾಯಿತು. ಇದೇ ಊರಿನ ಭೂಕೇಂದ್ರದಿಂದ ಅಮೆರಿಕದ ಉಪಗ್ರಹವೊಂದಕ್ಕೆ ಕಾರ್ಯಕ್ರಮಗಳನ್ನು ಕಳಿಸಿ, ಒಂದು ವರ್ಷ ಕಾಲ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನ ತೋರಿಸಿದರು. ಕರ್ನಾಟಕವೂ ಆ ಆರರಲ್ಲಿ ಒಂದು. ಗುಲ್ಬರ್ಗದ ಕಡೆಯ ಹಳ್ಳಿಗಳಲ್ಲಿ ಜನ ಶಾಲೆಯ ಮುಂದೆಯೋ ಪಂಚಾಯತಿಯ ಕಟ್ಟೆಯ ಮೇಲೋ ಒಟ್ಟಾಗಿ ಕುಳಿತು ಕನ್ನಡ ಕೇಳಿದರು. ಆದರೆ ಆ ಪೆಟ್ಟಿಗೆ ಮಾತನ್ನು ಹೊತ್ತು ತಂದಿತು, ಹುಟ್ಟಿಸಲಿಲ್ಲ. ಮಾತಿನ ಆ ತುದಿಯಲ್ಲಿ ಒಬ್ಬ ಮನುಷ್ಯನಿದ್ದ, ಈ ತುದಿಯಲ್ಲಿ ನೂರು ಮಂದಿಯಿದ್ದರು. ಮಾಸ್ತರರ ಲೇಖನಿಯೂ ಹಾಗೆಯೇ.

ಈಗಿನ ಕೃತಕ ಬುದ್ಧಿಮತ್ತೆಯ ಬಗೆ ಬೇರೆ. ಅದಕ್ಕೆ ಲೆಕ್ಕವಿಲ್ಲದಷ್ಟು ಬರಹಗಳನ್ನು ಉಣಿಸಿ, ಒಂದು ಮಾತಿನ ಹಿಂದೆ ಇನ್ನಾವ ಮಾತು ಬರುವ ಸಂಭವ ಹೆಚ್ಚು ಎಂಬುದನ್ನು ಗಣಿಸಲು ಕಲಿಸಿರುತ್ತಾರೆ. ಲಕ್ಷ ಜನ ತಮ್ಮ ಅಜ್ಜಿಯರಿಗೆ ಬರೆಯಬಹುದಾದ ಪತ್ರದ ಸರಾಸರಿಯನ್ನು ಅದು ಚೆನ್ನಾಗಿ ಬಲ್ಲದು. ನಮ್ಮ ಅವ್ವನಿಗೆ ಎಡ ಮೊಣಕಾಲು ನೋಯುತ್ತದೆಂದೂ, ಹಿತ್ತಲಿನ ಕರಿಬೇವು ಈ ಸಲದ ಮಳೆಗೆ ಬಿದ್ದುಹೋಯಿತೆಂದೂ ಅದಕ್ಕೆ ಯಾರೂ ಹೇಳಿರಲಿಲ್ಲ. ಮಗಳಿಗೆ ಗೊತ್ತಿತ್ತು. ಗೊತ್ತಿದ್ದವಳು ಬರೆಯಲಿಲ್ಲ, ಬರೆದದ್ದಕ್ಕೆ ಗೊತ್ತಿರಲಿಲ್ಲ.

ಹಾಗಾದರೆ ಯಂತ್ರಗಳನ್ನೆಲ್ಲ ಹೊರಗೆ ಹಾಕಬೇಕೆ? ಸಾಬರಮತಿಯ ದಡದಲ್ಲಿ ಆಶ್ರಮ ಕಟ್ಟಿ ಚರಕ ತಿರುಗಿಸಿದ ಗಾಂಧೀಜಿಯವರೂ ಹಾಗೆ ಹೇಳಲಿಲ್ಲ. 1924ರಲ್ಲಿ ರಾಮಚಂದ್ರನ್ ಎಂಬ ತರುಣ ವಿದ್ಯಾರ್ಥಿ, ತಾವು ಎಲ್ಲ ಯಂತ್ರಗಳಿಗೂ ವಿರೋಧಿಗಳೇ ಎಂದು ಅವರನ್ನು ಕೇಳಿದ. ಈ ದೇಹವೇ ಒಂದು ಸೂಕ್ಷ್ಮ ಯಂತ್ರ, ಚರಕವೂ ಯಂತ್ರವೇ, ನನ್ನ ಆಕ್ಷೇಪ ಯಂತ್ರದ ಹುಚ್ಚಿಗೆ ಎಂಬುದು ಅವರ ಉತ್ತರದ ಸಾರ. ಶ್ರಮ ಉಳಿಸುತ್ತೇವೆಂದು ಹೊರಟು ಸಾವಿರಾರು ಜನರನ್ನು ಕೆಲಸವಿಲ್ಲದೆ ಬೀದಿಗೆ ತಳ್ಳುವುದನ್ನು ಅವರು ಒಪ್ಪಲಿಲ್ಲ. ಆದರೆ ಸಿಂಗರನ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ಬಳಲುವುದನ್ನು ನೋಡಲಾರದೆ ಆತ ಅದನ್ನು ಮಾಡಿದ, ಅದರ ಹಿಂದೆ ಪ್ರೀತಿ ಇದೆ ಎಂಬುದು ಅವರು ಕೊಟ್ಟ ಕಾರಣ.

ಮನೆಯೊಳಗಿನ ಯಂತ್ರಗಳಿಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ನಮಗೆ ಸಿಕ್ಕಿಲ್ಲ. ಪ್ರೀತಿಯಿಂದ ತಂದ ಯಂತ್ರ ಬೇರೆ, ಪ್ರೀತಿಯ ಬದಲಿಗೆ ತಂದ ಯಂತ್ರ ಬೇರೆ. ಅವ್ವನ ಮಂದಗಣ್ಣಿಗೆ ಪತ್ರಿಕೆ ಓದಿ ಹೇಳುವ ಫೋನು ಮೊದಲನೆಯ ಜಾತಿಯದು. ಸೊಂಟನೋವಿನ ಮನೆಯಾಕೆ ಬಗ್ಗಿ ಕಸ ಹೊಡೆಯುವುದನ್ನು ತಪ್ಪಿಸಿದ ಯಂತ್ರವೂ ಅದೇ ಜಾತಿಯದೆಂದು ನಾವು ವಾದಿಸುತ್ತಿದ್ದೆವು. ಮೊಮ್ಮಗಳ ಬಾಯಿಗೆ ಬದಲಾಗಿ ಬಂದ ಯಂತ್ರವಂತೂ ಎರಡನೆಯ ಜಾತಿಯದು. ಯಂತ್ರದ ಮೇಲೆ ಈ ಗುರುತು ಇರುವುದಿಲ್ಲವೆಂಬುದೇ ಕಷ್ಟ. ಅದೇ ಫೋನು ಬೆಳಿಗ್ಗೆ ಒಂದು ಜಾತಿ, ಸಂಜೆ ಇನ್ನೊಂದು.

ಪರಸ್ಥಳದಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೆ ಈ ವ್ಯತ್ಯಾಸ ಇನ್ನೂ ಹತ್ತಿರದ್ದು. ಕನ್ನಡ ನಾಡಿನಲ್ಲಿರುವ ಮಗುವಿಗೆ ಮನೆಯಲ್ಲಿ ಸಿಗದ ಕನ್ನಡ ಬೀದಿಯಲ್ಲಾದರೂ ಸಿಕ್ಕೀತು. ಇಲ್ಲಿ ಅಡಿಗೆಮನೆ ಬಿಟ್ಟರೆ ಬೇರೆ ಶಾಲೆಯಿಲ್ಲ. 2011ರಲ್ಲಿ ಗೂಗಲಿನ ಅನುವಾದ ಯಂತ್ರಕ್ಕೆ ಕನ್ನಡವೂ ಗುಜರಾತಿಯೂ ಒಟ್ಟಿಗೇ ಸೇರಿದಾಗ ನಾವು ಹೆಮ್ಮೆಪಟ್ಟವರೇ. ಸರ್ಕಾರವೇ 2022ರಲ್ಲಿ ಭಾಷಿಣಿ ಎಂಬ ಯೋಜನೆ ತಂದು ನಮ್ಮ ಭಾಷೆಗಳನ್ನು ಯಂತ್ರಕ್ಕೆ ಕಲಿಸಲು ಹೊರಟಿದೆ, ಅದೂ ಒಳ್ಳೆಯದೇ. ಯಂತ್ರ ಕನ್ನಡ ಕಲಿಯಲಿ. ಅದು ಕಲಿತಿತೆಂದು ಮಕ್ಕಳು ಬಿಡುವುದು ಬೇಡ.

ಮಗಳನ್ನು ಬೈದು ಪ್ರಯೋಜನವಿರಲಿಲ್ಲ. “ನೀವೂ ಅಜ್ಜಿಗೆ ಬರೆಯುವುದಿಲ್ಲವಲ್ಲ, ಬಂದ ಹೂವಿನ ಚಿತ್ರವನ್ನೇ ಮುಂದಕ್ಕೆ ತಳ್ಳುತ್ತೀರಿ” ಎಂದಳು. ಮಾತು ನಿಜ. ಈಗ ಭಾನುವಾರ ಸಂಜೆ ಇಬ್ಬರೂ ಒಂದೊಂದು ಇನ್‌ಲ್ಯಾಂಡ್ ಪತ್ರ ಹಿಡಿದು ಕೂರುತ್ತೇವೆ. ಮೊದಲ ಪತ್ರದಲ್ಲಿ ಅವಳು “ಅಜ್ಜಿ” ಎಂಬುದನ್ನು “ಅಜಿ” ಎಂದೇ ಬರೆದಳು. ನಾಲ್ಕು ಸಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ಮೊಣಕಾಲಿನ ವಿಷಯ ಕೇಳಿದ್ದಳು. ಆ ಪತ್ರವನ್ನು ಯಂತ್ರಕ್ಕೆ ತೋರಿಸದೆ ಪಕ್ಕದ ಮನೆಯ ಹುಡುಗನಿಂದ ಎರಡು ಸಲ ಓದಿಸಿಕೊಂಡೆನೆಂದು ಅವ್ವ ಹೇಳಿದಳು. ಯಾರ ಕೈಯಿಂದ ಬರೆಸಿದಿರೆಂದು ಕೇಳಲಿಲ್ಲ.

ಇನ್ನು ಮೂಲೆಯಲ್ಲಿ ಕುಳಿತಿರುವ ನಮ್ಮ ಕಸಗುಡಿಸುವ ಸದಸ್ಯನ ಸಂಗತಿ. ‘ರೋಬೋ’ ಎಂದು ನಾವು ಕರೆಯುವ ಹೆಸರು ಕಾರೆಲ್ ಚಾಪೆಕ್ ಎಂಬ ಚೆಕ್ ಸಾಹಿತಿಯ 1920ರ ನಾಟಕದಿಂದ ಬಂದದ್ದು. ಮೂಲದಲ್ಲಿ ಅದರ ಅರ್ಥ ಬಿಟ್ಟಿ ಚಾಕರಿ. ಬಿಟ್ಟಿ ಚಾಕರಿಯವನು ಬಂದ ಮೇಲೆ ಸಂಬಳದವರ ಗತಿಯೇನು? ಹತ್ತು ವರ್ಷಗಳಿಂದ ನಮ್ಮ ಮನೆಗೆ ಬರುವ ಕೆಲಸದ ಬೆನ್‌ಗೆ ಪಾತ್ರೆಯ ಕೆಲಸ ಉಳಿಯಿತು, ಕಸದ ಕೆಲಸ ಹೋಯಿತು, ಅದರ ಸಂಬಳವನ್ನು ನಾವೂ ಕಳೆದೆವು. ಆಕೆ ಏನೂ ಅನ್ನಲಿಲ್ಲ. ಯಂತ್ರ ಓಡುವಾಗ ಕಾಲು ಸರಿಸಿ ದಾರಿ ಬಿಟ್ಟಳು. ಗಾಂಧೀಜಿಯವರ ಒರೆಗಲ್ಲನ್ನು ಅವ್ವನ ಪತ್ರಕ್ಕೆ ಹಚ್ಚಿ, ಇದಕ್ಕೆ ಹಚ್ಚದೆ ಬಿಡುವುದು ಸರಿಯಲ್ಲವೆಂದು ಮನೆಯಲ್ಲಿ ಮಾತಾಗಿದೆ. ಹಳೆಯ ಸಂಬಳವನ್ನೇ ಕೊಡೋಣವೆಂದು ಮನೆಯಾಕೆ, ಕಂತು ತೀರಲೆಂದು ನಾವು. ಬರೆಯುತ್ತ ಬರೆಯುತ್ತ ನಮ್ಮ ವಾದವೇ ಸಪ್ಪೆಯೆನಿಸತೊಡಗಿದೆ.

ವಾಚಕರು ತಮ್ಮ ಮನೆಗಳಲ್ಲಿ ಯಾವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ್ದಾರೆ, ಯಾವುದನ್ನು ಕೈಯಲ್ಲೇ ಉಳಿಸಿಕೊಂಡಿದ್ದಾರೆ ಎಂಬುದನ್ನು ಬರೆದು ತಿಳಿಸಿದರೆ ಎಲ್ಲರಿಗೂ ಉಪಕಾರವಾದೀತು. ತಪ್ಪುಗಳಿದ್ದರೂ ಚಿಂತೆಯಿಲ್ಲ. ತಾವೇ ಬರೆಯಬೇಕೆಂಬುದೊಂದೇ ನಮ್ಮ ವಿನಂತಿ.