ಎಷ್ಟು ಕೂಗು ಕೂಗಿಸಿದ್ರಿ?

"ಐದು ಕೂಗು ಕೂಗಿಸಿದೀನಿ ಕಣೇ, ಬೇಳೆ ಇನ್ನೂ ಹಾಗೇ ಕೂತಿದೆ" ಎಂದು ತಂಗಿ ಫೋನಿನಲ್ಲಿ ಹೇಳುವಾಗ ನಾನು ನಮ್ಮ ಗೇಟಿನ ಮುಂದೆ ತರಕಾರಿ ಗಾಡಿಯ ಹತ್ತಿರ ನಿಂತಿದ್ದೆ. ಅವಳು ಜಯನಗರದ ಬಾಡಿಗೆ ಮನೆ ಬಿಟ್ಟು ಜೆ.ಪಿ. ನಗರ ಎಂಟನೇ ಹಂತದಾಚೆಯ ಸ್ವಂತ ಫ್ಲ್ಯಾಟಿಗೆ ಹೋಗಿ ಆಗ ನಾಲ್ಕು ದಿನ. ಕುಕ್ಕರ್ ಹಳೆಯದೇ, ಬೇಳೆ ಹಳೇ ಡಬ್ಬಿಯದೇ, ಮಾಡುವ ಕೈಯೂ ಅದೇ. ಆದರೂ ಮೂರು ದಿನದಿಂದ ಸಾರಿನಲ್ಲಿ ಬೇಳೆ ತಳಕ್ಕೆ, ನೀರು ಮೇಲಕ್ಕೆ. ಅತ್ತೆ ಊಟಕ್ಕೆ ಕೂತು ಏನೂ ಅನ್ನದೆ ತಟ್ಟೆ ಸರಿಸಿದರಂತೆ. ಅವಳ ದನಿಯಲ್ಲಿ ಅಳು ಇತ್ತು. ನನಗೆ ಬೇರೇನೂ ತೋಚದೆ, "ಇನ್ನೆರಡು ಕೂಗಿಸಿ ನೋಡು" ಎಂದೆ.

ತಕ್ಕಡಿಗೆ ಬೀನ್ಸ್ ಸುರಿಯುತ್ತಿದ್ದ ಗಾಡಿಯಾಕೆ ಕೈ ನಿಲ್ಲಿಸಿದಳು. "ಅವರ ಮನೇಗೆ ಯಾವ ನೀರಕ್ಕಾ? ಕಾವೇರೀನಾ, ಬೋರಾ?"

ಕೇಳಿದೆ. ಟ್ಯಾಂಕರ್ ನೀರು, ಅಂದರೆ ಬೋರಿನದೇ.

"ಅದಕ್ಕೇಯಾ. ಬೇಳೆಗೆ ಮಾತ್ರ ಕುಡಿಯೋ ನೀರು ಹಾಕಕ್ಕೆ ಹೇಳಿ. ರಾತ್ರೀನೇ ನೆನೆಸಿಟ್ಕೊಂಡ್ರೆ ಇನ್ನೂ ಒಳ್ಳೇದು. ಹುಣಸೆಹಣ್ಣು ಮಾತ್ರ ಬೇಳೆ ಕರಗೋ ತನಕ ಹತ್ರಾನೂ ತರಬಾರ್ದು."

ಇಷ್ಟು ಹೇಳಿ ಆಕೆ ಬೀನ್ಸಿಗೆ ಮರಳಿದಳು. ನಾನು ಫೋನ್ ಹಿಡಿದುಕೊಂಡು ನಿಂತೇ ಇದ್ದೆ. ಇಪ್ಪತ್ತೈದು ವರ್ಷ ಅಡುಗೆ ಮಾಡಿದವಳಿಗೆ ನೀರಿನ ಕಡೆ ಗಮನವೇ ಹೋಗಿರಲಿಲ್ಲ. ಜಯನಗರದಲ್ಲಿ ಕಾವೇರಿಯನ್ನೇ ಕುಡಿದು, ಕಾವೇರಿಯಲ್ಲೇ ಬೇಯಿಸಿ, ಅದು ಎಲ್ಲರ ಮನೆಯ ನೀರು ಅಂದುಕೊಂಡುಬಿಟ್ಟಿದ್ದೆ.

ಆಕೆ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಬೆಂಗಳೂರಿನ ಕೊಳವೆಬಾವಿಗಳ ನೀರು ಗಡಸು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಬೇಳೆಯ ಕಣಕಣವನ್ನು ಅಂಟಿನ ಹಾಗೆ ಹಿಡಿದಿಟ್ಟಿರುವುದು ಪೆಕ್ಟಿನ್ ಎಂಬ ಪದಾರ್ಥ. ಬೇಯುವುದು ಎಂದರೆ ಆ ಅಂಟು ಬಿಡುವುದು. ಗಡಸು ನೀರಿನ ಲವಣಗಳು ಅದನ್ನು ಬಿಡಗೊಡದೆ ಇನ್ನಷ್ಟು ಬಿಗಿಮಾಡುತ್ತವೆ. ಹುಳಿ ಮಾಡುವುದೂ ಅದನ್ನೇ. ನಮ್ಮ ಅಜ್ಜಿಯರು ಹುಣಸೆಹಣ್ಣನ್ನು ಕೊನೆಗೆ ಹಾಕುತ್ತಿದ್ದುದರ ಕಾರಣ ಇದು. ಚಿಟಿಕೆ ಸೋಡಾ ಹಾಕಿದರೆ ಬೇಳೆ ಬೇಗ ಬೆಂದೀತು, ಆದರೆ ಅದರಲ್ಲಿರುವ ಬಿ1 ಜೀವಸತ್ವ ಹಾಳಾಗುತ್ತದೆ. ಗಾಡಿಯಾಕೆ ಸೋಡಾದ ಮಾತೇ ಎತ್ತಲಿಲ್ಲ ಎನ್ನುವುದನ್ನು ನಾನು ಆಮೇಲೆ ಗಮನಿಸಿದೆ.

ಕಾವೇರಿ ನೀರು ನಮ್ಮ ನಲ್ಲಿಗೆ ಬರುವ ದಾರಿಯೂ ಸಣ್ಣದಲ್ಲ. ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿ ಎಂದು ಹಂತಹಂತವಾಗಿ ಪಂಪ್ ಆಗಿ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಏರಿ ಬರುತ್ತದೆ. ಕಾವೇರಿ ಯೋಜನೆಯ ಮೊದಲ ಹಂತದ ನೀರು ಬಂದಿದ್ದು 1974ರಲ್ಲಿ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್ 16ರಂದು. ನಡುವಿನ ಅಷ್ಟೂ ವರ್ಷ ಆ ಕಡೆಯ ಮನೆಗಳು ಬೋರನ್ನೂ ಟ್ಯಾಂಕರನ್ನೂ ನಂಬಿಕೊಂಡು ಬೇಳೆ ಬೇಯಿಸಿವೆ. 2024ರ ಬೇಸಿಗೆಯಲ್ಲಿ ಬೋರುಗಳೇ ಒಣಗಿದಾಗ ಟ್ಯಾಂಕರಿಗೆ ಕಾದು ಕೂತ ಹೆಂಗಸರು ಬೇಳೆ ತೊಳೆದ ನೀರನ್ನು ಬಕೆಟ್ಟಿಗೆ ಹಿಡಿದು ಗಿಡಕ್ಕೆ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಒಂದೇ ಊರು ನಿಜ, ಬೇಳೆ ಬೇಯುವ ಹೊತ್ತು ಮಾತ್ರ ಬಡಾವಣೆಯಿಂದ ಬಡಾವಣೆಗೆ ಬೇರೆ.

ಅಡುಗೆಯ ಮಾತು ಎಂದರೆ ಹರಟೆ ಎಂದುಕೊಳ್ಳುವವರು ಬಹಳ. ಆಡುವವರಿಗೇ ಸಂಕೋಚ. "ನಮ್ಮದೇನಿದೆ ಬಿಡಿ, ಬರೀ ಸಾರು ಹುಳಿ ಮಾತು" ಎಂದು ಎಷ್ಟೋ ಜನ ನಡುವೆಯೇ ಮಾತು ನಿಲ್ಲಿಸುವುದನ್ನು ನೋಡಿದ್ದೇನೆ. ಹಾಗೆ ನಿಂತಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಈ ಊರಿನ ನೀರು, ಎತ್ತರ, ಹಂಗಾಮು, ಸಂತೆಯ ದರ ಎಲ್ಲವನ್ನೂ ಬಲ್ಲ ತಿಳಿವಳಿಕೆ ಆ ಅಡುಗೆಯ ಮಾತೊಂದರಲ್ಲೇ ಇರುವುದು. ಎಲ್ಲೂ ಬರೆದಿಟ್ಟಿದ್ದಲ್ಲ, ಬಾಯಿಂದ ಬಾಯಿಗೆ ದಾಟಬೇಕು.

ಎತ್ತರದ ವಿಷಯ ನನಗೆ ತಿಳಿದಿದ್ದು ನಮ್ಮ ಮೇಲಿನ ಮನೆಯವರಿಂದ. ಮಂಗಳೂರಿನಿಂದ ಬಂದ ಹೊಸತು. ಕುಚ್ಚಲಕ್ಕಿಯನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಿ ಗಂಜಿ ಬಸಿಯುವ ಪದ್ಧತಿ ಅವರದು. ಒಂದು ದಿನ ಮೆಟ್ಟಿಲ ಹತ್ತಿರ ಸಿಕ್ಕವರೇ, "ಅಲ್ಲಿ ಮುಕ್ಕಾಲು ಗಂಟೆಯಲ್ಲಿ ಆಗ್ತಿತ್ತು ಮಾರ್ರೆ, ಇಲ್ಲಿ ಗಂಟೆ ಕಳೆದ್ರೂ ಅಕ್ಕಿ ಬೇಯುದೇ ಇಲ್ಲ" ಎಂದರು. ಕಡಲ ಮಟ್ಟದಲ್ಲಿ ನೀರು ಕುದಿಯುವುದು 100 ಡಿಗ್ರಿಗೆ. ಬೆಂಗಳೂರು ಇರುವುದು 900 ಮೀಟರಿಗೂ ಎತ್ತರದಲ್ಲಿ. ಇಲ್ಲಿ ಸುಮಾರು 97ಕ್ಕೇ ಕುದಿ ಬಂದುಬಿಡುತ್ತದೆ, ಅದಕ್ಕಿಂತ ಮೇಲೆ ಬಿಸಿ ಏರುವುದಿಲ್ಲ. ಆ ಮೂರು ಡಿಗ್ರಿಯ ಕೊರತೆಯನ್ನು ಹೊತ್ತು ಕೊಟ್ಟು ತುಂಬಬೇಕು. ಅವರು ಅಕ್ಕಿಯನ್ನು ದೂರಿರಲಿಲ್ಲ, ಗ್ಯಾಸನ್ನೂ ದೂರಿರಲಿಲ್ಲ. ಎರಡು ಊರಿನ ಗಡಿಯಾರವನ್ನು ಹೋಲಿಸಿ ನೋಡಿ ಹೇಳಿದ್ದರು.

ಕುಕ್ಕರಿನೊಳಗೆ ಈ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಮುಚ್ಚಳದ ಮೇಲಿನ ವೆಯ್ಟ್ ಹಬೆಯನ್ನು ಒಳಗೇ ಅದುಮಿ ಹಿಡಿದು, ಕುದಿಬಿಂದುವನ್ನು 120 ಡಿಗ್ರಿಯ ಆಸುಪಾಸಿಗೆ ಏರಿಸುತ್ತದೆ. 1679ರಲ್ಲಿ ಡೆನಿ ಪಾಪಿನ್ ಎಂಬಾತ ಲಂಡನ್ನಿನಲ್ಲಿ ಇಂಥದೊಂದು ಪಾತ್ರೆ ತೋರಿಸಿ, ಅದರಲ್ಲಿ ಮೂಳೆಯನ್ನೂ ಮೆತ್ತಗೆ ಬೇಯಿಸಿದ್ದ. ನಮ್ಮ ಊರಿಗೆ ಅದು ಹತ್ತಿರವಾಗಿದ್ದು 1959ರಲ್ಲಿ. ಟಿಟಿಕೆ ಸಂಸ್ಥೆ ದೂರವಾಣಿನಗರದ ಕಾರ್ಖಾನೆಯಲ್ಲಿ ಪ್ರೆಸ್ಟೀಜ್ ಕುಕ್ಕರ್ ತಯಾರಿಸಲು ತೊಡಗಿತು. ಅದೇ 1959ರಲ್ಲಿ, ಊರಿನ ಈ ಕಡೆ ಲಾಲ್‌ಬಾಗಿನಲ್ಲಿ ಡಾ. ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಮುಂದೆ ತರಕಾರಿ ಮಾರುವ ಹಾಪ್‌ಕಾಮ್ಸ್ ಆಗಿದ್ದು ಅದೇ. ಬೇಯಿಸುವ ಪಾತ್ರೆಯೂ, ಬೇಯಿಸಬೇಕಾದ ತರಕಾರಿಯ ಅಂಗಡಿಯ ಮೂಲ ಸಂಘವೂ ಒಂದೇ ವರ್ಷ ನಮ್ಮ ಊರಿನಲ್ಲಿ ಶುರುವಾದವು ಎಂದು ನೆನೆದಾಗಲೆಲ್ಲ ನನಗೆ ಖುಷಿ.

ಇನ್ನೊಂದು ಸಂಗತಿ. ನಿಮ್ಮ ಮನೆಯ ಪ್ರೆಸ್ಟೀಜ್ ಕುಕ್ಕರಿನ ಮುಚ್ಚಳ ತಿರುಗಿಸಿ ನೋಡಿ. ಅಂಚಿನಲ್ಲಿ ಒಂದು ಉದ್ದನೆಯ ಸಣ್ಣ ಕಿಂಡಿ ಇರುತ್ತದೆ. ವೆಯ್ಟೂ ಸೇಫ್ಟಿ ವಾಲ್ವೂ ಎರಡೂ ಕಟ್ಟಿಕೊಂಡರೆ, ಒಳಗಿನ ರಬ್ಬರ್ ಗ್ಯಾಸ್ಕೆಟ್ ಆ ಕಿಂಡಿಯ ಮೂಲಕ ಹೊರಗೆ ಉಬ್ಬಿ ಹಬೆಯನ್ನು ಕೆಳಗಡೆ ಬಿಟ್ಟುಬಿಡುತ್ತದೆ, ಮುಖಕ್ಕೆ ಹಾರುವುದಿಲ್ಲ. ಹಿಂದೆ ಕುಕ್ಕರುಗಳು ಸಿಡಿಯುತ್ತಿದ್ದ ಕಾಲದಲ್ಲಿ ಸಂಸ್ಥೆಯ ಟಿ.ಟಿ. ಜಗನ್ನಾಥನ್ ರೂಪಿಸಿದ ಉಪಾಯ ಇದು. ನಮ್ಮಮ್ಮ ಆ ಕಿಂಡಿಯನ್ನು ಬೆಂಕಿಕಡ್ಡಿಯಿಂದ ಚೊಕ್ಕ ಮಾಡುತ್ತಿದ್ದಳು. ಅದು ಏಕಿದೆ ಎಂದು ಅವಳಿಗೂ ಗೊತ್ತಿರಲಿಲ್ಲ, ಆದರೆ ಅನ್ನದ ಅಗುಳು ಅಲ್ಲಿ ಕೂರಬಾರದು ಎಂದು ಪಕ್ಕದ ಮನೆಯವರು ಹೇಳಿದ್ದರಂತೆ.

ಬೇರೆ ಕಡೆ ಸೀಟಿ ಎನ್ನುತ್ತಾರೆ. ನಮಗೆ ಅದು ಕೂಗು. ಹುಂಜ ಕೂಗುತ್ತದೆ, ರೈಲು ಕೂಗುತ್ತದೆ, ಕುಕ್ಕರ್ ಕೂಗುತ್ತದೆ. "ಎಷ್ಟು ಕೂಗು ಕೂಗಿಸಿದ್ರಿ?" ಎನ್ನುವಷ್ಟು ನಿಖರವಾದ ಪ್ರಶ್ನೆ ಇನ್ನೊಂದಿಲ್ಲ ಎಂದು ಬಹಳ ಕಾಲ ತಿಳಿದಿದ್ದೆ. ಆದರೆ ಕೂಗು ಅಳತೆಯೇ ಅಲ್ಲ. ಉರಿ ದೊಡ್ಡದಿದ್ದರೆ ಐದು ನಿಮಿಷಕ್ಕೆ ಮೂರು ಬಂದೀತು, ಸಣ್ಣದಿದ್ದರೆ ಒಂದೇ. ಮೂರು ಲೀಟರಿನ ಕುಕ್ಕರಿಗೂ ಏಳೂವರೆ ಲೀಟರಿನದಕ್ಕೂ ಲೆಕ್ಕ ಬೇರೆ. ಮೊದಲ ಕೂಗಿನ ನಂತರ ಉರಿ ತಗ್ಗಿಸಿ ನಿಮಿಷ ಎಣಿಸುವುದೇ ಸರಿಯಾದ ಕ್ರಮ. ಹಾಗಿದ್ದರೂ ನಾವು ಕೂಗನ್ನೇ ಕೇಳುತ್ತೇವೆ, ಏಕೆಂದರೆ ಕೇಳಿದವರು ಅಷ್ಟಕ್ಕೇ ಬಿಡುವುದಿಲ್ಲ. ನಿಮ್ಮದು ಎಷ್ಟು ಲೀಟರು? ಉರಿ ಹೇಗಿಟ್ಟಿರಿ? ಬೇಳೆ ಹೊಸದೋ ಹಳೆಯದೋ? ಅಕ್ಕಿ ಹಳೆಯದಾದಷ್ಟು ಅನ್ನ ಉದುರುದುರು. ಬೇಳೆ ಹಾಗಲ್ಲ, ಹಳೆಯದಾದಷ್ಟು ಹಟ ಹೆಚ್ಚು. ಸಂಕ್ರಾಂತಿ ಹೊತ್ತಿಗೆ ಕಲಬುರಗಿ ಕಡೆಯ ಹೊಸ ತೊಗರಿ ಬಂದಾಗ ಅಂಗಡಿಯವರೇ, "ಒಂದು ಕೂಗು ಕಮ್ಮಿ ಮಾಡ್ಕೊಳ್ಳಿ ಅಮ್ಮಾ" ಎನ್ನುತ್ತಿದ್ದರು. ಚೀಟಿ ಕೊಟ್ಟು ಸಾಮಾನು ತರುತ್ತಿದ್ದ ದಿನಗಳವು. ಈಗ ಹತ್ತು ನಿಮಿಷಕ್ಕೆ ಬಾಗಿಲಿಗೆ ಬರುವ ಪೊಟ್ಟಣದ ಮೇಲೆ ತೂಕ, ತಾರೀಕು, ದರ ಎಲ್ಲ ಇದೆ, ಆ ಮಾತೊಂದಿಲ್ಲ.

ಆ ಪೊಟ್ಟಣ ತಂದುಕೊಡುವ ಹುಡುಗರನ್ನು, ಅದನ್ನು ತರಿಸುವ ಆ್ಯಪುಗಳನ್ನು ನಾನು ಬೇಡ ಎನ್ನುವುದಿಲ್ಲ. ಮಳೆಯಲ್ಲಿ ನೆನೆದುಕೊಂಡು ಮೂರನೇ ಮಹಡಿ ಹತ್ತಿ ಹಾಲು ಕೊಟ್ಟು ಹೋಗುವವರ ಋಣ ದೊಡ್ಡದು. ಮೊಣಕಾಲು ನೋವಿನವರಿಗೆ ಅದು ವರವೇ. ಆದರೆ ಬಿಟಿಎಂ ಲೇಔಟಿನಲ್ಲಿ ಮೂವರು ಗೆಳೆಯರೊಡನೆ ಮನೆ ಮಾಡಿಕೊಂಡಿರುವ ನನ್ನ ಅಕ್ಕನ ಮಗನ ಪಾಡು ಕೇಳಿ. ಪಿಜಿ ಊಟ ಸಾಕಾಗಿ ಒಂದು ಇಂಡಕ್ಷನ್ ಒಲೆ, ಎರಡು ಲೀಟರಿನ ಕುಕ್ಕರ್ ಕೊಂಡ. ಒಂದು ಸಂಜೆ ಫೋನ್ ಮಾಡಿ, "ಚಿಕ್ಕಮ್ಮಾ, ಮಸ್ಸೊಪ್ಪು ಮಾಡಬೇಕು, ಆ್ಯಪಿನಲ್ಲಿ ಪಾಲಕ್, ಮೆಂತ್ಯ, ಕೊತ್ತಂಬರಿ ಬಿಟ್ಟರೆ ಸೊಪ್ಪೇ ಇಲ್ಲ" ಎಂದ. ಬೆಳಿಗ್ಗೆ ಮಡಿವಾಳ ಮಾರುಕಟ್ಟೆಗೆ ನಡೆದುಕೊಂಡು ಹೋಗು, ಸೊಪ್ಪಿನವರ ಮುಂದೆ ನಿಂತು ಮಸ್ಸೊಪ್ಪಿಗೆ ಬೇಕು ಅಂತ ಹೇಳು, ನೀನು ಹೆಸರು ಹೇಳುವುದೇ ಬೇಡ ಎಂದೆ. ಹೋದ. ಅಲ್ಲಿದ್ದ ಅಜ್ಜಿ ದಂಟು, ಕೀರೆ, ಚಕ್ಕೋತ, ಒಂದೆಳೆ ಸಬ್ಬಸಿಗೆ ಸೇರಿಸಿ ಒಂದು ಕಟ್ಟು ಮಾಡಿ, "ಹೊನಗೊನೆ ಇವತ್ತು ಬಲಿತಿದೆ ಮಗಾ, ಬೇಡ" ಎಂದರಂತೆ. ಆ 'ಬೇಡ'ವನ್ನು ಅವನು ನನಗೆ ಎರಡು ಸಲ ಹೇಳಿದ. ಮಾರುವವರು ಬೇಡ ಎಂದಿದ್ದನ್ನು ಅವನು ಅದೇ ಮೊದಲು ಕೇಳಿದ್ದು.

ದರದ ಮಾತೂ ಹೀಗೆಯೇ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದಾಗ ನಮ್ಮ ರಸ್ತೆಯ ಎಷ್ಟೋ ಮನೆಯಲ್ಲಿ ಹುಣಸೆರಸದ ಕಟ್ಟಿನ ಸಾರು ಮರಳಿ ಬಂತು. 2025ರಲ್ಲಿ ತೆಂಗಿನಕಾಯಿ ಏರಿದಾಗ ಚಟ್ನಿಗೆ ಹುರಿಗಡಲೆ ಹೆಚ್ಚಿತು, ಅರ್ಧ ಹೋಳು ಒಂದು ಚೂರಾಯಿತು. ಯಾರೂ ಸಭೆ ಸೇರಿ ತೀರ್ಮಾನಿಸಿದ್ದಲ್ಲ. ಹಾಪ್‌ಕಾಮ್ಸ್ ಮಳಿಗೆಯ ದರದ ಹಲಗೆ ಓದುತ್ತ ನಿಂತ ಇಬ್ಬರಲ್ಲಿ ಒಬ್ಬರು "ನೀವೇನು ಮಾಡ್ತಿದೀರಿ?" ಎಂದು ಕೇಳಿದ್ದು, ಇನ್ನೊಬ್ಬರು ಮುಚ್ಚಿಡದೆ ಹೇಳಿದ್ದು, ಅಷ್ಟೇ. ಕೈಬಿಗಿಯಾಗಿದೆ ಎಂದು ಬಾಯಿಬಿಟ್ಟು ಹೇಳದೆಯೂ ಒಬ್ಬರಿಗೊಬ್ಬರು ನೆರವಾದ ರೀತಿ ಅದು. ನನಗೆ ಅದರ ಮೇಲೆ ತುಂಬ ಗೌರವವಿದೆ.

ಮಾರ್ಗಶಿರ ಪುಷ್ಯದಲ್ಲಿ ಅವರೇಕಾಯಿ ಬಂದಾಗ ಈ ಮಾತು ತಾನಾಗಿ ಉದ್ದವಾಗುತ್ತದೆ. ರಾತ್ರಿ ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಅದುಮಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಿಚಕ್ಕನೆ ಪಾತ್ರೆಗೆ ಹಾರುತ್ತದೆ. ಒಂದು ಸೇರು ಹಿತುಕಲು ಇಬ್ಬರಿಗೆ ಒಂದು ಗಂಟೆ ಬೇಕು. ಬೆರಳ ತುದಿ ನೀರಿಗೆ ಸುಕ್ಕುಗಟ್ಟಿ, ಉಗುರ ಸಂದಿನಲ್ಲಿ ಸೊಗಡು ಸಂಜೆವರೆಗೂ ಉಳಿಯುತ್ತದೆ. ಕೈ ಎರಡೂ ಕೆಲಸದಲ್ಲಿರುವಾಗ ಫೋನ್ ಮುಟ್ಟುವ ಹಾಗಿಲ್ಲ, ಮಾತು ಬಿಟ್ಟರೆ ಗತಿಯಿಲ್ಲ. ನನ್ನ ತಂಗಿ ನಮ್ಮತ್ತೆಯ ಕೈಯ ಹುಳಿಪುಡಿ ಕಲಿತಿದ್ದು ಹಾಗೆ ಕೂತಾಗಲೇ. ಗಾಂಧಿ ಬಜಾರಿನಲ್ಲಿ ಹಿತುಕಿದ ಬೇಳೆಯೇ ಪೊಟ್ಟಣದಲ್ಲಿ ಸಿಗುತ್ತದೆ, ಅವಸರಕ್ಕೆ ನಾನೂ ತರುತ್ತೇನೆ. ಆದರೆ ಹಂಗಾಮಿನಲ್ಲಿ ಒಂದು ಸಲವಾದರೂ ತಂಗಿಯನ್ನು ಕರೆಸಿ ಹಿತುಕಲು ಕೂರುತ್ತೇನೆ.

ತಂಗಿ ಅವತ್ತು ರಾತ್ರಿಯೇ ಬೇಳೆ ನೆನೆಸಿಟ್ಟಳು. ಮಾರನೆಯ ಬೆಳಿಗ್ಗೆ ಫಿಲ್ಟರ್ ನೀರು ಹಾಕಿ ಕುಕ್ಕರ್ ಇಟ್ಟಳು. ಒಂಬತ್ತು ಗಂಟೆಗೆ ಒಂದು ಫೋಟೊ ಬಂತು. ಸೌಟಿನ ತುಂಬ ಹಳದಿ ಬೇಳೆ, ಬೆಣ್ಣೆಯ ಹಾಗೆ. ಮಾತೇನೂ ಬರೆದಿರಲಿಲ್ಲ.

ಗಾಡಿ ಬರುವ ಹೊತ್ತಿಗೆ ನಾನು ಗೇಟಿನಲ್ಲೇ ಇದ್ದೆ. ಹೇಳಬೇಕೆಂದು ಬಾಯಿ ತೆರೆಯುವ ಮೊದಲೇ ಆಕೆ ದೂರದಿಂದಲೇ ಕೇಳಿದಳು: "ಬೆಂತಾ ಅಕ್ಕಾ, ಅವರ ಬೇಳೆ?"

ಬೆಂತು ಎಂದೆ. ಫೋಟೊ ತೋರಿಸಿದೆ. ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನ್ ಹಿಡಿದು, ಬಿಸಿಲಿಗೆ ಅಡ್ಡ ಕೈ ಇಟ್ಟು ನೋಡಿದಳು.

"ಎಷ್ಟು ಕೂಗು?"

"ನಾಲ್ಕಂತೆ."

"ನೆನೆಸಿದ್ಮೇಲೆ ನಾಲ್ಕು ಯಾಕೆ? ಮೂರು ಸಾಕು, ಗ್ಯಾಸ್ ದಂಡ. ಹೇಳಿ ಅವರಿಗೆ" ಎಂದು ಫೋನ್ ನನ್ನ ಕೈಗಿತ್ತು, ಒಂದು ಹಿಡಿ ಕರಿಬೇವನ್ನು ಚೀಲಕ್ಕೆ ಹಾಕಿದಳು. ನಾನು ಅಲ್ಲೇ ನಿಂತು ತಂಗಿಯ ನಂಬರ್ ಒತ್ತಿದೆ.